ಬೈಕ್ ಕಾರ್ಬೊರೇಟರ್ ಸೋರುತ್ತಿದೆಯಾ? ಎಲ್ಲಿಂದ ಎಂದು ಪತ್ತೆಹಚ್ಚಿ ಸರಿ ಮಾಡುವ ಪೂರ್ತಿ ವಿಧಾನ

2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಆದರೂ ಬೆಂಗಳೂರಿನ ಯಾವುದಾದರೂ ಸಿಗ್ನಲ್‌ನಲ್ಲಿ ನಿಂತು ನೋಡಿ. ಸ್ಪ್ಲೆಂಡರ್, ಹಳೇ ಪಲ್ಸರ್, ಆರ್‌ಎಕ್ಸ್ 100, ಹಳೇ ಬುಲೆಟ್, ಅಪರೂಪಕ್ಕೊಂದು ಯೆಜ್ಡಿ. ಕಾರ್ಬೊರೇಟರ್ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಇವುಗಳ ಮಾಲೀಕರು ಒಂದಲ್ಲ ಒಂದು ದಿನ ಗ್ಯಾರೇಜಿಗೆ ಹೋಗಿ ಹೇಳುವ ಮಾತು ಒಂದೇ: "ಅಣ್ಣಾ, ಓವರ್‌ಫ್ಲೋ ಆಗ್ತಿದೆ."

ಆಗ ಎರಡು ಸುಲಭದ ದಾರಿ ಕಾಣಿಸುತ್ತವೆ. ಒಂದು, ಓವರ್‌ಫ್ಲೋ ಪೈಪಿಗೆ ಒಂದು ಸ್ಕ್ರೂ ತುರುಕಿ ಬಾಯಿ ಮುಚ್ಚುವುದು. ಇನ್ನೊಂದು, ಇಡೀ ಕಾರ್ಬೊರೇಟರನ್ನೇ ಬದಲಾಯಿಸುವುದು. ಮೊದಲನೆಯದು ಅಪಾಯ, ಎರಡನೆಯದು ಹೆಚ್ಚಿನ ಸಲ ದಂಡದ ಖರ್ಚು. ಸೋರುವ ಕಾರ್ಬೊರೇಟರ್‌ನಲ್ಲಿ ಸಾಮಾನ್ಯವಾಗಿ ಹಾಳಾಗಿರುವುದು ಉಗುರಿನಷ್ಟು ಉದ್ದದ ಒಂದು ಬಿಡಿಭಾಗ. ಎಷ್ಟೋ ಸಲ ಅದೂ ಹಾಳಾಗಿರುವುದಿಲ್ಲ, ಅದರ ಬಾಯಿಗೆ ಟ್ಯಾಂಕಿನ ತುಕ್ಕು ಬಂದು ಕೂತಿರುತ್ತದೆ, ಅಷ್ಟೇ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಸೋರಿಕೆ ಎಲ್ಲಿಂದ, ಯಾವಾಗ ಎಂದು ತಿಳಿದುಕೊಳ್ಳಬೇಕು. ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ಮೊದಲು ಜಾಗ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಈ ಕೆಲಸ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಬೇಸ್‌ಮೆಂಟಿನಲ್ಲಿ ಪಂಪ್ ಮೋಟರ್ ಇರುತ್ತದೆ, ಸ್ವಿಚ್ ಬೋರ್ಡ್ ಇರುತ್ತದೆ. ಒಂದು ಕಿಡಿ ಸಾಕು. ಗಾಡಿಯನ್ನು ತಳ್ಳಿಕೊಂಡು ಬಯಲಿಗೆ ತನ್ನಿ, ನೆರಳಿದ್ದರೆ ಒಳ್ಳೆಯದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಅಥವಾ ಡ್ರೈ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಳ್ಳಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ಇನ್ನಷ್ಟು ಹರಡುತ್ತದೆ. ಸಿಗರೇಟ್ ಸೇದುವ ಸ್ನೇಹಿತರನ್ನು ದೂರ ಕೂರಿಸಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಒಂದು ತೂತಿಗೆ ಹೊಡೆದರೆ ಅದು ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಚಿಮ್ಮುತ್ತದೆ.

ಒಳಗೆ ನಡೆಯುವುದೇನು

ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನಲ್ಲಿರುವ ಬಾಲ್ ವಾಲ್ವ್ ನೋಡಿರುತ್ತೀರಿ, ಅಲ್ವಾ? ನೀರು ಏರಿದಂತೆ ಬಾಲ್ ಮೇಲೆದ್ದು ವಾಲ್ವ್ ಮುಚ್ಚುತ್ತದೆ. ಮುಚ್ಚದಿದ್ದರೆ ನೀರು ಓವರ್‌ಫ್ಲೋ ಪೈಪಿನಿಂದ ಹೊರಗೆ ಬೀಳುತ್ತದೆ. ಕಾರ್ಬೊರೇಟರ್‌ನ ತಳದಲ್ಲಿರುವ ಬೌಲ್‌ನಲ್ಲೂ ಇದೇ ವ್ಯವಸ್ಥೆ. ಟ್ಯಾಂಕಿನಿಂದ ಪೆಟ್ರೋಲ್ ಇಳಿದು ಬೌಲ್ ತುಂಬುತ್ತದೆ. ಫ್ಲೋಟ್ ತೇಲಿ ಮೇಲೆ ಬರುತ್ತದೆ. ಫ್ಲೋಟ್‌ನ ಬೆನ್ನಿಗಿರುವ ಚಿಕ್ಕ ಪಟ್ಟಿ ಒಂದು ಪಿನ್ನನ್ನು ಮೇಲಕ್ಕೆ ಒತ್ತುತ್ತದೆ. ಪಿನ್ನಿನ ಚೂಪು ತುದಿ ಹಿತ್ತಾಳೆಯ ಸೀಟಿಗೆ ಕೂತು ದಾರಿ ಮುಚ್ಚುತ್ತದೆ. ಗ್ಯಾರೇಜ್‌ಗಳಲ್ಲಿ ಇದನ್ನೇ ಫ್ಲೋಟ್ ಪಿನ್ ಎನ್ನುತ್ತಾರೆ.

ಈ ಪಿನ್ ಸರಿಯಾಗಿ ಕೂರದಿದ್ದರೆ ಬೌಲ್ ತುಂಬಿ ತುಳುಕುತ್ತದೆ. ಬೌಲಿನೊಳಗೆ ನೆಟ್ಟಗೆ ನಿಂತಿರುವ ಸಣ್ಣ ಹಿತ್ತಾಳೆ ಕೊಳವೆಯ ಬಾಯಿಗೆ ಪೆಟ್ರೋಲ್ ಮುಟ್ಟಿದರೆ, ಅದು ಕೆಳಗಿನ ಪೈಪಿನಿಂದ ನೆಲಕ್ಕೆ ಬೀಳುತ್ತದೆ. ಅದೇ ಓವರ್‌ಫ್ಲೋ ಪೈಪ್. ಅದನ್ನು ಮುಚ್ಚಿದರೆ ಪೆಟ್ರೋಲ್ ಹೋಗುವುದೆಲ್ಲಿಗೆ? ಎಂಜಿನ್ನಿಗೆ, ಇಲ್ಲವೇ ಏರ್ ಫಿಲ್ಟರ್ ಡಬ್ಬಕ್ಕೆ. ನೆಲಕ್ಕೆ ಬಿದ್ದರೆ ಪೆಟ್ರೋಲ್ ಮಾತ್ರ ನಷ್ಟ. ಎಂಜಿನ್ನಿಗೆ ಇಳಿದರೆ ಪಿಸ್ಟನ್ ಮೇಲೆ ನಿಲ್ಲುತ್ತದೆ, ರಿಂಗ್ ಸಂದಿಯಿಂದ ಜಾರಿ ಆಯಿಲ್ ಸೇರುತ್ತದೆ. ನಿಮ್ಮ ಗಾಡಿಯ ಪೈಪಿಗೆ ಯಾರಾದರೂ ಈಗಾಗಲೇ ಸ್ಕ್ರೂ ಹಾಕಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ.

ಸೋರುತ್ತಿರುವುದು ಎಲ್ಲಿಂದ?

ಪೆಟ್ರೋಲ್ ಒದ್ದೆ ಕಂಡ ಕಡೆಯೇ ಸೋರುತ್ತಿದೆ ಎಂದುಕೊಳ್ಳಬೇಡಿ. ಕಾಕ್‌ನಿಂದ (ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿ) ಜಿನುಗಿದ ಪೆಟ್ರೋಲ್ ಪೈಪಿನ ಹೊರಮೈ ಹಿಡಿದು ಇಳಿದು ಬೌಲಿನ ತುದಿಯಲ್ಲಿ ಹನಿಯುತ್ತದೆ. ನೋಡಿದವರು ಕಾರ್ಬೊರೇಟರ್ ಮೇಲೆ ತಪ್ಪು ಹೊರಿಸುತ್ತಾರೆ.

ಕಾಕ್ ಆಫ್ ಮಾಡಿ. ಕಾರ್ಬೊರೇಟರ್, ಪೈಪ್, ಕಾಕ್ ಎಲ್ಲವನ್ನೂ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಹತ್ತು ನಿಮಿಷ ಆರಲು ಬಿಡಿ. ಕಾಕ್‌ನ ಬುಡ, ಪೈಪಿನ ಎರಡೂ ತುದಿ, ಬೌಲಿನ ಜೋಡಣೆ ಗೆರೆ, ಡ್ರೈನ್ ಸ್ಕ್ರೂ, ಇಷ್ಟಕ್ಕೂ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲಿರಲಿ. ಕೆಳಗೆ ಒಂದು ನ್ಯೂಸ್ ಪೇಪರ್ ಹಾಸಿ. ಈಗ ಕಾಕ್ ಆನ್ ಮಾಡಿ ಸುಮ್ನೆ ನೋಡುತ್ತಾ ಕೂರಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಗಿ ಕಪ್ಪಾಗುತ್ತದೋ ಸೋರಿಕೆ ಅಲ್ಲಿಂದ ಶುರು. ಕೆಳಗೆ ಹನಿ ಬೀಳುವ ಜಾಗ ನೋಡಬೇಡಿ, ಮೇಲೆ ಮೊದಲು ಒದ್ದೆಯಾದ ಜಾಗ ನೋಡಿ.

ಕಾಕ್‌ನ ಬುಡ ಒದ್ದೆಯಾದರೆ ಕಾಕ್ ಟ್ಯಾಂಕಿಗೆ ಕೂರುವ ಕಡೆಯ ವಾಷರ್ ಹೋಗಿದೆ. ಲಿವರ್ ಪಕ್ಕ ಒದ್ದೆಯಾದರೆ ಕಾಕ್ ಒಳಗಿನ ರಬ್ಬರ್ ಹೋಗಿದೆ. ಪೈಪಿನ ತುದಿಯಲ್ಲಾದರೆ ಪೈಪ್ ಗಟ್ಟಿಯಾಗಿ ಬಿರಿದಿದೆ. ತುದಿ ಅರ್ಧ ಇಂಚು ಕತ್ತರಿಸಿ ಮತ್ತೆ ಹಾಕುವುದಕ್ಕಿಂತ ಹೊಸ ಪೈಪ್, ಹೊಸ ಕ್ಲಿಪ್ ಹಾಕುವುದೇ ಸರಿ. ಬೌಲಿನ ಜೋಡಣೆ ಗೆರೆಯಲ್ಲಾದರೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ರಬ್ಬರ್) ಅಥವಾ ಸಡಿಲ ಸ್ಕ್ರೂ. ಇವೆಲ್ಲ ಸಣ್ಣ ಕೆಲಸ.

ಹೊರಗೆಲ್ಲ ಒಣಗಿದ್ದು ಕೆಳಗಿನ ಪೈಪಿನಿಂದ ಮಾತ್ರ ಹನಿಯುತ್ತಿದ್ದರೆ ಸ್ವಲ್ಪ ಯೋಚಿಸಬೇಕು. ಯಾಕೆಂದರೆ ಅನೇಕ ಕಾರ್ಬೊರೇಟರ್‌ಗಳಲ್ಲಿ ಓವರ್‌ಫ್ಲೋಗೂ ಡ್ರೈನ್ ಸ್ಕ್ರೂಗೂ ಹೊರದಾರಿ ಒಂದೇ. ಫ್ಲೋಟ್ ಪಿನ್ ಕೆಟ್ಟರೂ ಅಲ್ಲಿಂದಲೇ, ಡ್ರೈನ್ ಸ್ಕ್ರೂ ಕೂರದಿದ್ದರೂ ಅಲ್ಲಿಂದಲೇ, ಒಳಗಿನ ಹಿತ್ತಾಳೆ ಕೊಳವೆ ಬಿರಿದರೂ ಅಲ್ಲಿಂದಲೇ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ.

ಇವನ್ನು ಬೇರೆ ಮಾಡಲು ಒಂದು ಒಳ್ಳೆಯ ಪರೀಕ್ಷೆ ಇದೆ, ಯಾವ ಟೂಲೂ ಬೇಡ. ಹನಿಯುತ್ತಿರುವಾಗಲೇ ಕಾಕ್ ಆಫ್ ಮಾಡಿ, ಹನಿಯನ್ನು ಗಮನಿಸಿ. ಸ್ವಲ್ಪ ಹೊತ್ತಿನಲ್ಲೇ ಹನಿ ನಿಂತರೆ, ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿಯಿತು ಎಂದರ್ಥ. ತಪ್ಪು ಫ್ಲೋಟ್, ಪಿನ್ ಅಥವಾ ಸೀಟಿನದು. ಹನಿ ನಿಲ್ಲದೆ ಬೀಳುತ್ತಲೇ ಇದ್ದು ಬೌಲೇ ಖಾಲಿಯಾಗುವ ಹಾಗೆ ಕಂಡರೆ, ತಪ್ಪು ಬೌಲಿನ ತಳದಲ್ಲಿದೆ. ಡ್ರೈನ್ ಸ್ಕ್ರೂ ಅಥವಾ ಬಿರಿದ ಕೊಳವೆ. ಈ ಪರೀಕ್ಷೆ ಮಾಡದೆ ಹೊಸ ಫ್ಲೋಟ್ ಪಿನ್ ಹಾಕಿಸಿ, ಆಮೇಲೂ ಸೋರುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರು ತುಂಬಾ ಜನ.

ಕಾಕ್‌ಗೂ ಇದರಲ್ಲೊಂದು ಪರೀಕ್ಷೆ ಸಿಗುತ್ತದೆ. ಆಫ್ ಮಾಡಿ ಪೈಪನ್ನು ಕಾರ್ಬೊರೇಟರ್‌ನಿಂದ ಕಳಚಿ ಒಂದು ಲೋಟಕ್ಕೆ ಬಿಡಿ. ಐದು ನಿಮಿಷದ ಮೇಲೂ ಹನಿಯುತ್ತಿದ್ದರೆ ಕಾಕ್ ಮುಚ್ಚುತ್ತಿಲ್ಲ, ಅದನ್ನು ಬದಲಾಯಿಸಿ.

ಯಾವಾಗ ಸೋರುತ್ತದೆ ಎನ್ನುವುದೂ ಸುಳಿವೇ. ಸೈಡ್ ಸ್ಟ್ಯಾಂಡ್ ಹಾಕಿದಾಗ ಮಾತ್ರ ಸೋರಿದರೆ ಪೆಟ್ರೋಲ್ ಮಟ್ಟ ಸ್ವಲ್ಪ ಜಾಸ್ತಿ ಇದೆ, ಓರೆಯಾದ ಕೂಡಲೇ ತುಳುಕುತ್ತದೆ. ಫ್ಲೋಟ್ ಹೈಟ್ (ಫ್ಲೋಟ್ ಎಷ್ಟು ಎತ್ತರಕ್ಕೆ ಬಂದಾಗ ಪಿನ್ ಮುಚ್ಚುತ್ತದೆ ಎಂಬ ಅಳತೆ) ಕಡೆ ಅನುಮಾನಪಡಿ. ಒಂದು ದಿನ ಸೋರಿ, ಇನ್ನೊಂದು ದಿನ ಸೋರದಿದ್ದರೆ ಕಸ. ಯಾವಾಗಲೂ ಒಂದೇ ಸಮ ಸೋರಿದರೆ ಸವೆದ ಪಿನ್ ಅಥವಾ ತೂತಾದ ಫ್ಲೋಟ್. ಮೈಲೇಜ್ ಬಿದ್ದು ಸ್ಪಾರ್ಕ್ ಪ್ಲಗ್ ಕಪ್ಪಾಗಿದ್ದರೂ ಮಟ್ಟ ಜಾಸ್ತಿ ಇರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಸ್ವಲ್ಪ ತೆಳು. ಮಿಶ್ರಣ ಮೊದಲೇ ಪೆಟ್ರೋಲ್ ಕಡೆ ವಾಲಿರುತ್ತದೆ, ಮಟ್ಟ ಏರಿದರೆ ಅದು ಬೇಗ ಎದ್ದು ಕಾಣುತ್ತದೆ.

ಬಿಚ್ಚುವ ಮುಂಚೆ

ಕಸ ಸಿಕ್ಕಿಕೊಂಡಿದ್ದರೆ ಬಿಚ್ಚದೆಯೇ ಹೋಗಬಹುದು. ಕಾಕ್ ಆನ್ ಇಟ್ಟು ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಬೌಲಿನ ಪಕ್ಕಕ್ಕೆ ಮೆಲ್ಲಗೆ ನಾಲ್ಕು ಸಲ ತಟ್ಟಿ. ಅಂಟಿಕೊಂಡ ಪಿನ್ ಬಿಡುತ್ತದೆ. ದಾರಿಯಲ್ಲಿ ಕೈಕೊಟ್ಟಾಗ ಮನೆ ಸೇರಲು ಇಷ್ಟು ಸಾಕು.

ಹನಿ ನಿಲ್ಲದಿದ್ದರೆ ಡ್ರೈನ್ ಪೈಪಿನ ಕೆಳಗೆ ಒಂದು ಗಾಜಿನ ಜಾರ್ ಹಿಡಿದು, ಕಾಕ್ ಆನ್ ಇರುವಾಗಲೇ ಡ್ರೈನ್ ಸ್ಕ್ರೂ ಸಡಿಲಿಸಿ. ಅರ್ಧ ನಿಮಿಷ ಪೆಟ್ರೋಲ್ ಹರಿಯಲಿ, ಬೌಲ್ ತೊಳೆದ ಹಾಗಾಗುತ್ತದೆ. ಸ್ಕ್ರೂ ಬಿಗಿ ಮಾಡಿ ಜಾರನ್ನು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಕಾಫಿ ಪುಡಿಯಂತೆ ಕಂದು ಚೂರು ಕೂತಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಪೆಟ್ರೋಲ್ ಅಡಿಯಲ್ಲಿ ಬೇರೆಯಾಗಿ ಉರುಳಾಡುವ ಗುಳ್ಳೆ ಕಂಡರೆ ಅದು ನೀರು. ಕಪ್ಪು ರಬ್ಬರ್ ಚೂರಿದ್ದರೆ ಪೈಪ್ ಒಳಗಿನಿಂದ ಕರಗುತ್ತಿದೆ. ಕಾಯಿಲೆ ಎಲ್ಲಿಂದ ಬಂತು ಎಂದು ಈ ಜಾರೇ ಹೇಳುತ್ತದೆ. ಹಾಗಾಗಿ ಆ ಪೆಟ್ರೋಲನ್ನು ನೋಡದೆ ಚೆಲ್ಲಬೇಡಿ. ನೋಡಿದ ಮೇಲೂ ಮೋರಿಗೆ ಸುರಿಯಬೇಡಿ.

ಇನ್ನೊಂದು ಮುಖ್ಯ ವಿಷಯ, ಆಯಿಲ್. ರಾತ್ರಿಯೆಲ್ಲ ಸೋರಿದ ಗಾಡಿಯನ್ನು ನೇರ ಸ್ಟಾರ್ಟ್ ಮಾಡಬೇಡಿ. ಮೊದಲು ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದೆಯಾ? ನೀರಿನಂತೆ ತೆಳ್ಳಗಾಗಿದೆಯಾ? ಪೆಟ್ರೋಲ್ ವಾಸನೆ ಇದೆಯಾ? ಇದ್ದರೆ ಆಯಿಲ್ ಬದಲಾಯಿಸದೆ ಎಂಜಿನ್ ಓಡಿಸಬಾರದು. ತೆಳುವಾದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಆಯಿಲ್ ಹಾಕಿ.

ಕಿಕ್ಕರ್ ಅರ್ಧಕ್ಕೇ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಸೆಲ್ಫ್ ಬಟನ್ ಮುಟ್ಟಲೇಬೇಡಿ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿರಬಹುದು. ದ್ರವವನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೀ ಆಫ್ ಮಾಡಿ, ಪ್ಲಗ್ ತೆಗೆದು, ಪ್ಲಗ್ ತೂತಿನ ಮೇಲೆ ಬಟ್ಟೆ ಹಾಕಿ, ಮುಖ ದೂರ ಇಟ್ಟುಕೊಂಡು ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ. ಪೆಟ್ರೋಲ್ ಹೊರಗೆ ಬರುತ್ತದೆ. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಕ್ರ್ಯಾಂಕ್ ಕೇಸಿನಲ್ಲಿ ನಿಲ್ಲುತ್ತದೆ, ಅದಕ್ಕೂ ಇದೇ ಕ್ರಮ.

ಸಾಮಾನು

10 ನಂಬರ್ ಸ್ಪ್ಯಾನರ್, ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಚಪ್ಪಟೆ ಸ್ಕ್ರೂಡ್ರೈವರ್, ಇಕ್ಕಳ, ಕಾರ್ಬ್ ಕ್ಲೀನರ್ ಸ್ಪ್ರೇ, ಕಿವಿಗೆ ಹಾಕುವ ಹತ್ತಿಕಡ್ಡಿ, ಟಾರ್ಚ್, ಒಂದು ಮೀಟರ್ ಪಾರದರ್ಶಕ ಪೈಪ್, ಸ್ಟೀಲ್ ಸ್ಕೇಲ್. ಸ್ಟಾರ್ ಡ್ರೈವರ್ ವಿಷಯದಲ್ಲಿ ಜಿಪುಣತನ ಬೇಡ. ಜಪಾನೀ ವಿನ್ಯಾಸದ ಕಾರ್ಬೊರೇಟರ್‌ಗಳ ಸ್ಕ್ರೂ ತಲೆ ಸಾಮಾನ್ಯ ಸ್ಟಾರ್‌ಗಿಂತ ಸ್ವಲ್ಪ ಬೇರೆ. ಸರಿಹೊಂದದ ಡ್ರೈವರ್ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆಯೇ ಸರಿ. ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆ ನಡೆಯುತ್ತಾ ಹೋದರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. ಅಲ್ಲಿ ಬರೀ "ಫ್ಲೋಟ್ ಪಿನ್ ಕೊಡಿ ಅಣ್ಣಾ" ಎಂದರೆ ಮೊದಲ ಪ್ರಶ್ನೆಯೇ "ಯಾವ ಗಾಡಿ ಸಾರ್, ಯಾವ ವರ್ಷದ್ದು?" ಒಂದೇ ಹೆಸರಿನ ಬೈಕಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಕಾರ್ಬೊರೇಟರ್ ಬಂದಿರುತ್ತದೆ. ಹಾಗಾಗಿ ಹಳೇ ಪಿನ್ನನ್ನೇ ಕೈಯಲ್ಲಿ ಹಿಡಿದು ಹೋಗಿ. ಕಾರ್ಬೊರೇಟರ್ ಮೈಮೇಲೆ ಒತ್ತಿರುವ ನಂಬರಿನ ಫೋಟೋವೂ ಇರಲಿ. ಪಿನ್, ಬೌಲ್ ಗ್ಯಾಸ್ಕೆಟ್, ಡ್ರೈನ್ ಸ್ಕ್ರೂವಿನ ರಿಂಗ್, ಸೀಟ್ ಬಿಚ್ಚುವಂಥದ್ದಾದರೆ ಅದರ ವಾಷರ್, ಇಷ್ಟೂ ಒಟ್ಟಿಗೆ ತನ್ನಿ. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಕಂಪನಿ ಪಾರ್ಟ್ ಕೇಳಿ. ಪಿನ್ನಿನ ತುದಿಯ ರಬ್ಬರ್ ಗುಣಮಟ್ಟದಲ್ಲೇ ಎಲ್ಲ ಇರುವುದು.

ಕಳಚುವುದು

ಮೊದಲು ಎಲ್ಲ ಕಡೆಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಯಾವ ಪೈಪ್ ಎಲ್ಲಿಗೆ ಎಂದು ಆಮೇಲೆ ನೆನಪಿರುವುದಿಲ್ಲ. ಕಾಕ್ ಆಫ್ ಮಾಡಿ ಬೌಲ್ ಖಾಲಿ ಮಾಡಿ. ಪೆಟ್ರೋಲ್ ಪೈಪನ್ನು ನೇರ ಎಳೆಯದೆ ಸ್ವಲ್ಪ ತಿರುಚಿ ಕಳಚಿ.

ಆರ್‌ಎಕ್ಸ್, ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಮೇಲಿನ ಮುಚ್ಚಳ ತಿರುಗಿಸಿದರೆ ಆಕ್ಸಿಲರೇಟರ್ ಕೇಬಲ್ ಜೊತೆ ಸ್ಲೈಡ್ ಮತ್ತು ಅದರ ನೀಡಲ್ ಮೇಲಕ್ಕೆ ಬರುತ್ತವೆ. ಅದಕ್ಕೊಂದು ಪ್ಲಾಸ್ಟಿಕ್ ಕವರ್ ಕಟ್ಟಿ ಹ್ಯಾಂಡಲ್‌ಗೆ ತೂಗುಹಾಕಿ. ಆ ನೀಡಲ್ ಬಗ್ಗಿದರೆ ಬೇರೆಯದೇ ತಾಪತ್ರಯ. ಮೇಲ್ಭಾಗದಲ್ಲಿ ಅಗಲವಾದ ರಬ್ಬರ್ ಡಯಾಫ್ರಂ ಇರುವ ಕಾರ್ಬೊರೇಟರ್ ಆದರೆ ಆ ಮುಚ್ಚಳ ಮುಟ್ಟಬೇಡಿ, ಪಕ್ಕದ ಕೇಬಲ್ ಮಾತ್ರ ಕಳಚಿ. ಸೋರಿಕೆಗೂ ಆ ಡಯಾಫ್ರಂಗೂ ಸಂಬಂಧವಿಲ್ಲ. ಕ್ಲೀನರ್ ಸ್ಪ್ರೇ ಬಿದ್ದರೆ ಅದು ಉಬ್ಬಿ ಹಾಳಾಗುತ್ತದೆ.

ಆಮೇಲೆ ಏರ್ ಫಿಲ್ಟರ್ ಕಡೆಯ ಕ್ಲಾಂಪ್, ಎಂಜಿನ್ ಕಡೆಯ ಎರಡು ನಟ್ ಅಥವಾ ಕ್ಲಾಂಪ್. ಕಾರ್ಬೊರೇಟರ್ ಹೊರಗೆ ಬಂದ ಕೂಡಲೇ ಎಂಜಿನ್ ಬಾಯಿಗೆ ಒಂದು ಶುದ್ಧ ಬಟ್ಟೆ ತುರುಕಿ. ಕ್ಲಾಂಪ್ ಸಡಿಲಿಸಿ ಕಾರ್ಬೊರೇಟರನ್ನು ಗಾಡಿಯಲ್ಲೇ ಓರೆ ಮಾಡಿ ಬೌಲ್ ಬಿಚ್ಚುವವರಿದ್ದಾರೆ. ಅವಸರಕ್ಕೆ ಸರಿ. ಆದರೆ ಮೇಜಿನ ಮೇಲೆ, ಬಿಳಿ ಬಟ್ಟೆ ಹಾಸಿ ಮಾಡಿದರೆ ಮಾತ್ರ ಒಳಗಿನದೆಲ್ಲ ಕಾಣುತ್ತದೆ.

ಬೌಲ್ ತೆರೆದ ಮೇಲೆ

ಬೌಲ್ ಸ್ಕ್ರೂಗಳ ಮೇಲೆ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದು ಸಣ್ಣ ಏಟು ಕೊಟ್ಟು, ಜೋರಾಗಿ ಒತ್ತಿಕೊಂಡೇ ತಿರುಗಿಸಿ. ಮತ್ತೆ ಜೋಡಿಸುವಾಗ ಅದೇ ಅಳತೆಯ ಅಲೆನ್ ಸ್ಕ್ರೂ ಹಾಕಿದರೆ ಮುಂದೆ ಕಷ್ಟವಿಲ್ಲ.

ಫ್ಲೋಟನ್ನು ಹಿಡಿದಿರುವ ತೆಳುವಾದ ಕಡ್ಡಿ ಎರಡು ಪುಟ್ಟ ಕಂಬಗಳ ನಡುವೆ ಇರುತ್ತದೆ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಇಲ್ಲಿ. ಕೆಲವು ಕಡ್ಡಿಗಳ ಒಂದು ತುದಿಗೆ ತಲೆ ಇರುತ್ತದೆ, ತಲೆಯಿಲ್ಲದ ಕಡೆಯಿಂದಲೇ ತಳ್ಳಬೇಕು. ಬರದಿದ್ದರೆ ಸುತ್ತಿಗೆ ಬೇಡ. ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಕಂಬಕ್ಕೆ ಬೆರಳ ಆಸರೆ ಕೊಟ್ಟು, ಸಣ್ಣ ಮೊಳೆಯ ಮೊಂಡು ತುದಿಯಿಂದ ಒತ್ತಿ. ಕಂಬ ಮುರಿದರೆ ಕಾರ್ಬೊರೇಟರ್ ಮುಗಿಯಿತು.

ಫ್ಲೋಟ್ ಎತ್ತಿದಾಗ ಪಿನ್ ಅದರ ಜೊತೆಗೇ ಬರುತ್ತದೆ, ಕೆಲವು ಸಲ ಉರುಳಿ ಬೀಳುತ್ತದೆ. ಅದನ್ನು ಬಿಸಿಲಿಗೆ ಹಿಡಿದು ನೋಡಿ. ಒಳ್ಳೆಯ ಪಿನ್ನಿನ ತುದಿ ನುಣ್ಣಗೆ, ಒಂದೇ ಸಮ ಇಳಿಜಾರಾಗಿರುತ್ತದೆ. ಸವೆದದ್ದರಲ್ಲಿ ತುದಿಯ ಸುತ್ತ ಬಳೆಯಂತೆ ಒಂದು ಸಣ್ಣ ಕಚ್ಚು ಕಾಣುತ್ತದೆ. ಕಣ್ಣಿಗೆ ಕಾಣದಿದ್ದರೆ ಉಗುರನ್ನು ತುದಿಯ ಕಡೆಯಿಂದ ಮೇಲಕ್ಕೆ ಎಳೆಯಿರಿ. ಕಚ್ಚಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಆ ಪಿನ್ ಬಿಸಾಕಿ. ಪಿನ್ನಿನ ಹಿಂಭಾಗದಲ್ಲಿ ಪುಟ್ಟ ಸ್ಪ್ರಿಂಗ್ ಕಡ್ಡಿ ಇದ್ದರೆ ಒತ್ತಿ ಬಿಡಿ. ಟಪ್ಪನೆ ಹೊರಗೆ ಬರಬೇಕು.

ಈಗ ಸೀಟ್. ಟಾರ್ಚ್ ಬಿಟ್ಟು ಒಳಗೆ ನೋಡಿ. ಹಿತ್ತಾಳೆ ಹೊಳೆಯಬೇಕು. ಕಂದು ಅಂಟು ಅಥವಾ ಹಸಿರು ಕಂಡರೆ ಕ್ಲೀನರ್ ಹಾಕಿ ಹತ್ತಿಕಡ್ಡಿಯಿಂದ ಒರೆಸಿ. ಹೋಗದಿದ್ದರೆ ಹತ್ತಿಕಡ್ಡಿಗೆ ಬ್ರಾಸೋ ಒಂದು ತೊಟ್ಟು ಹಚ್ಚಿ, ಬೆರಳುಗಳ ನಡುವೆ ಕಡ್ಡಿಯನ್ನು ಉರುಳಿಸುತ್ತಾ ಪಾಲಿಶ್ ಮಾಡಿ. ಆಮೇಲೆ ಅದರ ಗುರುತೂ ಉಳಿಯದಂತೆ ಸ್ಪ್ರೇಯಿಂದ ತೊಳೆಯಿರಿ. ಎಮರಿ ಪೇಪರ್, ವಾಲ್ವ್ ತೇಯುವ ಪೇಸ್ಟ್, ಸೂಜಿ ಯಾವುದೂ ಬೇಡ. ಸೀಟಿಗೆ ಬಿದ್ದ ಒಂದು ಗೀರು ಸಾಕು, ಎಷ್ಟು ಹೊಸ ಪಿನ್ ಹಾಕಿದರೂ ಸೋರುತ್ತದೆ.

ಸೀಟ್ ಬಿಚ್ಚುವಂಥದ್ದಾದರೆ ಬಿಚ್ಚಿ, ಅದರಡಿಯ ವಾಷರ್ ಅಥವಾ ಓ ರಿಂಗ್ ನೋಡಿ. ಎಷ್ಟೋ ಜನ ಮರೆಯುವ ಜಾಗ ಇದು. ಆ ರಿಂಗ್ ಗಟ್ಟಿಯಾಗಿ ಬಿರಿದಿದ್ದರೆ ಪೆಟ್ರೋಲ್ ಪಿನ್ನನ್ನು ದಾಟುವುದೇ ಇಲ್ಲ, ಸೀಟಿನ ಹೊರಪಕ್ಕದಿಂದಲೇ ಬೌಲಿಗೆ ಇಳಿಯುತ್ತದೆ. ಪಿನ್ ಹೊಸದು, ಸೀಟ್ ಶುದ್ಧ, ಆದರೂ ಸೋರಿಕೆ ಎಂದಾದರೆ ನೂರಕ್ಕೆ ನೂರು ಇದನ್ನು ನೋಡಲೇಬೇಕು.

ಫ್ಲೋಟ್

ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ತೂತಾಗಿದೆ. ಹಿತ್ತಾಳೆ ಫ್ಲೋಟ್ ಆದರೆ ಒಂದು ಪಾತ್ರೆ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಲೆಯಿಂದ ದೂರ, ಹೊರಗೆ. ಒಳಗಿನ ಗಾಳಿ ಬಿಸಿಯಾಗಿ ಉಬ್ಬಿ, ತೂತಿದ್ದ ಕಡೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅಲ್ಲಿ ಗುರುತು ಮಾಡಿ. ಬೆಸುಗೆ ಹಾಕಬಹುದು, ಆದರೆ ಒಳಗಿನ ಪೆಟ್ರೋಲ್ ಪೂರ್ತಿ ಆರಿದ ಮೇಲೆ ಮಾತ್ರ. ಬೆಸುಗೆಯಿಂದ ತೂಕ ಏರಿದರೆ ಪೆಟ್ರೋಲ್ ಮಟ್ಟವೂ ಏರುತ್ತದೆ. ಹೊಸದು ಸಿಗುವುದಾದರೆ ಹೊಸದೇ ಮೇಲು. ಪ್ಲಾಸ್ಟಿಕ್ ಫ್ಲೋಟ್ ಪೆಟ್ರೋಲಿನಲ್ಲಿ ತೇಲಿಸಿದಾಗ ಒಂದು ಪಕ್ಕ ಮುಳುಗಿದರೆ ಬದಲಾಯಿಸಿ.

ಬಾಯಿಯಿಂದ ಊದುವ ಪರೀಕ್ಷೆ ಎಲ್ಲರಿಗೂ ಗೊತ್ತು. ಪಿನ್, ಫ್ಲೋಟ್ ಜೋಡಿಸಿ ಕಾರ್ಬೊರೇಟರ್ ತಲೆಕೆಳಗೆ ಮಾಡಿ, ಪೆಟ್ರೋಲ್ ಬರುವ ನಳಿಗೆಗೆ ಹೊಸ ಪೈಪ್ ಹಾಕಿ ಮೆಲ್ಲಗೆ ಊದಿದರೆ ಗಾಳಿ ಹೋಗಬಾರದು. ಫ್ಲೋಟ್ ಎತ್ತಿದರೆ ಹೋಗಬೇಕು. ಬಾಯಿಗಿಂತ ಸೂಜಿಯಿಲ್ಲದ ಸಿರಿಂಜ್ ವಾಸಿ, ಪೆಟ್ರೋಲ್ ಬಾಯಿಗೆ ಬರುವುದಿಲ್ಲ.

ಫ್ಲೋಟ್ ಹೈಟ್ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುವುದೇ ಸರಿ, ಬೇರೆ ಗಾಡಿಯ ಲೆಕ್ಕ ನಡೆಯದು. ಗ್ಯಾಸ್ಕೆಟ್ ತೆಗೆದು ಅಳೆಯಿರಿ. ಕಾರ್ಬೊರೇಟರನ್ನು ಪೂರ್ತಿ ತಲೆಕೆಳಗೆ ಮಾಡಿದರೆ ಫ್ಲೋಟ್ ಭಾರಕ್ಕೆ ಪಿನ್ನಿನ ಸ್ಪ್ರಿಂಗ್ ಕುಗ್ಗಿ ಅಳತೆ ತಪ್ಪುತ್ತದೆ. ಓರೆಯಾಗಿ ಹಿಡಿದು, ಪಟ್ಟಿ ಪಿನ್ನನ್ನು ಬರೀ ಮುಟ್ಟುವ ಹಂತದಲ್ಲಿ, ಗ್ಯಾಸ್ಕೆಟ್ ಕೂರುವ ಅಂಚಿನಿಂದ ಫ್ಲೋಟ್‌ನ ದೂರದ ತುದಿಗೆ ಸ್ಕೇಲ್ ಇಡಿ. ಈ ಅಳತೆ ಜಾಸ್ತಿಯಾದರೆ ಪೆಟ್ರೋಲ್ ಮಟ್ಟ ಕಮ್ಮಿ, ಅಳತೆ ಕಮ್ಮಿಯಾದರೆ ಮಟ್ಟ ಜಾಸ್ತಿ. ಓವರ್‌ಫ್ಲೋ ಇದ್ದರೆ ಪಟ್ಟಿಯನ್ನು ಪಿನ್ನಿನ ಕಡೆಗೆ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಅಳೆಯಿರಿ. ಪಟ್ಟಿಯೂ ಪ್ಲಾಸ್ಟಿಕ್ ಆಗಿದ್ದರೆ ಬಗ್ಗಿಸಲು ಬರುವುದಿಲ್ಲ, ಅಳತೆ ತಪ್ಪಿದ್ದರೆ ಫ್ಲೋಟ್ ಅಥವಾ ಪಿನ್ ಬದಲಾಯಿಸಬೇಕು.

ಬೌಲ್, ಗ್ಯಾಸ್ಕೆಟ್

ಕಳಚಿದ ಬೌಲಿಗೆ ಡ್ರೈನ್ ಸ್ಕ್ರೂ ಬಿಗಿ ಮಾಡಿ, ಹಿತ್ತಾಳೆ ಕೊಳವೆಯ ಬಾಯಿಗಿಂತ ಸ್ವಲ್ಪ ಕೆಳಗಿನ ತನಕ ಪೆಟ್ರೋಲ್ ಹಾಕಿ ಒಣ ಪೇಪರ್ ಮೇಲಿಡಿ. ಕೆಳಗೆ ಒದ್ದೆಯಾದರೆ ಕೊಳವೆ ಬಿರಿದಿದೆ ಅಥವಾ ಡ್ರೈನ್ ಸ್ಕ್ರೂ ಕೂರುತ್ತಿಲ್ಲ. ಸ್ಕ್ರೂವಿನ ರಿಂಗ್ ಬದಲಾಯಿಸಿ ಮತ್ತೆ ನೋಡಿ. ಆಗಲೂ ಒದ್ದೆಯಾದರೆ ಕೊಳವೆಯದೇ ದೋಷ. ಬಿರುಕು ಉದ್ದಕ್ಕೆ ಕೂದಲಿನಂತಿರುತ್ತದೆ, ಹುಡುಕಿ ನೋಡಿದರಷ್ಟೇ ಕಾಣುತ್ತದೆ. ಬೌಲ್ ಮಾತ್ರ ಬಿಡಿಯಾಗಿ ಸಿಕ್ಕಿದರೆ ತನ್ನಿ.

ತೆಗೆದ ರಬ್ಬರ್ ಗ್ಯಾಸ್ಕೆಟ್ ಪೆಟ್ರೋಲ್ ಕುಡಿದು ಉದ್ದವಾಗಿ, ಮತ್ತೆ ತನ್ನ ಕಾಲುವೆಯಲ್ಲಿ ಕೂರುವುದಿಲ್ಲ. ಹೊಸದು ಹಾಕಿ. ತುರ್ತಿದ್ದರೆ ಒಂದು ದಿನ ಗಾಳಿಗೆ ಬಿಡಿ, ಕೆಲವು ಮತ್ತೆ ಕುಗ್ಗುತ್ತವೆ. ಸಿಲಿಕಾನ್ ಪೇಸ್ಟ್ ಮಾತ್ರ ಹಚ್ಚಬೇಡಿ. ಅದು ಪೆಟ್ರೋಲಿನಲ್ಲಿ ಉಬ್ಬಿ ಚೂರಾಗಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಸೇರುತ್ತದೆ.

ಜೋಡಿಸಿ ನೋಡುವುದು

ಬೌಲ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೆದು ಲೋಹ, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ಗಾಡಿಗೆ ಹಾಕಿದ ಮೇಲೆ ಪಾರದರ್ಶಕ ಪೈಪನ್ನು ಡ್ರೈನ್ ನಳಿಗೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬೌಲಿನ ಪಕ್ಕಕ್ಕೆ ಮೇಲಕ್ಕೆ ಹಿಡಿದು ಡ್ರೈನ್ ಸ್ಕ್ರೂ ತೆರೆಯಿರಿ. ಬೌಲಿನೊಳಗೆ ಪೆಟ್ರೋಲ್ ಎಲ್ಲಿದೆಯೋ ಪೈಪಿನಲ್ಲೂ ಅಲ್ಲಿಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಜೋಡಣೆ ಗೆರೆಗಿಂತ ಸ್ವಲ್ಪ ಕೆಳಗಿರಬೇಕು. ಅಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿ ಹತ್ತು ನಿಮಿಷ ಬಿಡಿ. ಮಟ್ಟ ಗುರುತು ದಾಟಿ ಮೆಲ್ಲಗೆ ಏರುತ್ತಿದ್ದರೆ ಪಿನ್ ಇನ್ನೂ ಮುಚ್ಚುತ್ತಿಲ್ಲ. ನೆಲಕ್ಕೆ ಹನಿ ಬೀಳುವುದಕ್ಕೆ ಮುಂಚೆಯೇ ಇದು ಗೊತ್ತಾಗುತ್ತದೆ. ಸರಿಯಿದ್ದರೆ ಸೈಡ್ ಸ್ಟ್ಯಾಂಡ್ ಮೇಲೆ ಅರ್ಧ ಗಂಟೆ ಬಿಟ್ಟು ನೋಡಿ, ಆಮೇಲೆ ನಿಮ್ಮ ಏರಿಯಾದ ಹಂಪ್‌ಗಳ ಮೇಲೆ ಒಂದು ಸುತ್ತು ಹೊಡೆದು ಬಂದು ಮತ್ತೆ ನೋಡಿ.

ಟ್ಯಾಂಕ್ ಬಿಟ್ಟರೆ ಕೆಲಸ ಅರ್ಧ

ಜಾರಿನಲ್ಲಿ ತುಕ್ಕು ಕಂಡಿದ್ದರೆ ಹೊಸ ಪಿನ್ ಕೂಡ ಹೆಚ್ಚು ದಿನ ಬಾಳುವುದಿಲ್ಲ. ಟ್ಯಾಂಕ್ ಇಳಿಸಿ ಖಾಲಿ ಮಾಡಿ ತೊಳೆಯಿರಿ. ತುಕ್ಕು ಜಾಸ್ತಿ ಇದ್ದರೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕ್ ತುಂಬಿ ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಮತ್ತೆ ಶುದ್ಧ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೂಡಲೇ ಪೆಟ್ರೋಲ್ ತುಂಬಿ. ತಡ ಮಾಡಿದರೆ ಅದೇ ದಿನ ಮತ್ತೆ ತುಕ್ಕು ಹಿಡಿಯುತ್ತದೆ. ಟ್ಯಾಂಕ್ ಮುಚ್ಚಳದ ಸುತ್ತಿನ ನೀರು ಹರಿದುಹೋಗುವ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ಬೆಂಗಳೂರಿನ ಸಂಜೆ ಮಳೆಗೆ ಬಯಲಲ್ಲಿ ನಿಲ್ಲುವ ಗಾಡಿಗಳ ಟ್ಯಾಂಕಿಗೆ ನೀರು ಸೇರುವ ದಾರಿ ಅದೇ. ಕಾಕ್ ಮೇಲಿನ ಜಾಲರಿ ಹರಿದಿದ್ದರೆ ಬದಲಾಯಿಸಿ. ಪೈಪಿನ ನಡುವೆ ಫಿಲ್ಟರ್ ಹಾಕುವುದಾದರೆ ಬಾಣದ ಗುರುತು ಕಾರ್ಬೊರೇಟರ್ ಕಡೆಗಿರಲಿ, ಪೈಪ್ ಎಲ್ಲೂ ಮೇಲಕ್ಕೇರದೆ ಇಳಿಜಾರಾಗಿಯೇ ಬರಲಿ.

20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರವರಿಯಲ್ಲಿ, ಇದೇ ಬೆಂಗಳೂರಿನಲ್ಲಿ. ಈಗ ಬಂಕ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಥೆನಾಲ್ ಜೊತೆ ಬಾಳಲು ಹಳೇ ಗಾಡಿಯ ರಬ್ಬರ್ ತಯಾರಾಗಿದ್ದಲ್ಲ. ಆದ್ದರಿಂದ ಹಳೇ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಆಫ್ ಮಾಡಿ ಬೌಲ್ ಖಾಲಿ ಮಾಡಿಡಿ. ದಿನನಿತ್ಯ ಓಡಿಸುವವರೂ ರಾತ್ರಿ ಕಾಕ್ ಆಫ್ ಮಾಡುವುದು ಒಳ್ಳೆಯದು. ಹಳೇ ಆಕ್ಟಿವಾದಂಥ ಸ್ಕೂಟರ್‌ಗಳಲ್ಲಿ ಕೈಯಲ್ಲಿ ತಿರುಗಿಸುವ ಕಾಕ್ ಇರುವುದಿಲ್ಲ. ಎಂಜಿನ್ ಎಳೆತಕ್ಕೆ ತೆರೆಯುವ ಆಟೋ ಕಾಕ್ ಅದು. ಎಂಜಿನ್ ನಿಂತಿರುವಾಗಲೂ ಅದರಿಂದ ಪೆಟ್ರೋಲ್ ಬರುತ್ತಿದ್ದರೆ ಅದರೊಳಗಿನ ಡಯಾಫ್ರಂ ಹೋಗಿದೆ.

ಯೆಜ್ಡಿ, ಜಾವಾ ಇಟ್ಟುಕೊಂಡವರಿಗೆ ಒಂದು ಮಾತು. ಅದರ ಕಾರ್ಬೊರೇಟರ್ ಮೇಲಿನ ಟಿಕ್ಲರ್ ಬಟನ್ ಒತ್ತಿದರೆ ಫ್ಲೋಟ್ ಕೆಳಗೆ ಹೋಗಿ ಪೆಟ್ರೋಲ್ ತುಳುಕುವುದು ಸಹಜ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಲೆಂದೇ ಅದನ್ನು ಇಟ್ಟಿದ್ದಾರೆ. ಬಟನ್ ಬಿಟ್ಟ ಮೇಲೂ ನಿಲ್ಲದಿದ್ದರೆ ಮೊದಲು ಬಟನ್‌ನ ಸ್ಪ್ರಿಂಗ್ ನೋಡಿ.

ಹೊಸ ಕಾರ್ಬೊರೇಟರ್ ನಿಜವಾಗಿ ಬೇಕಾಗುವುದು ಮೂರೇ ಸಂದರ್ಭಗಳಲ್ಲಿ. ಫ್ಲೋಟ್ ಕಂಬ ಮುರಿದಾಗ, ಬಿಚ್ಚಲಾಗದ ಸೀಟ್ ಸವೆದಾಗ, ಮೈಯೇ ಬಿರಿದಾಗ. ಆಗಲೂ ಹಳೆಯದರ ಮೈಮೇಲಿನ ನಂಬರ್ ಹೊಂದಿಸಿ, ಒಳಗಿನ ಮೇನ್ ಜೆಟ್ ಮತ್ತು ಪೈಲಟ್ ಜೆಟ್ ನಂಬರ್ ಒಂದೇ ಇದೆಯಾ ಎಂದು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಹಳೆಯದನ್ನು ಗುಜರಿಗೆ ಹಾಕಬೇಡಿ. ಅದರ ಜೆಟ್, ಸ್ಲೈಡ್, ಮುಚ್ಚಳ, ಬೌಲ್ ಮುಂದೆ ಬೇಕಾಗುತ್ತವೆ.